ಕಾಣುವ ಅಂಕಿ, ಅಡಗಿದ ಅಂಕಿ: ಬೇಸ್‌ಬಾಲ್ ನಿರ್ವಹಣಾ ಆಟದಲ್ಲಿ ಆಟಗಾರನ ಬೆಲೆ ಕಟ್ಟುವ ಬಗೆ

ಬೇಸ್‌ಬಾಲ್ ನಿರ್ವಹಣಾ ಆಟ ಎಂಬ ಕಂಪ್ಯೂಟರ್ ಆಟದ ಪ್ರಕಾರದಲ್ಲಿ ಆಡುವವನು ಬ್ಯಾಟನ್ನೂ ಹಿಡಿಯುವುದಿಲ್ಲ, ಚೆಂಡನ್ನೂ ಎಸೆಯುವುದಿಲ್ಲ; ತಂಡವೊಂದರ ವ್ಯವಸ್ಥಾಪಕನ ಕುರ್ಚಿಯಲ್ಲಿ ಕುಳಿತು ಯಾರನ್ನು ಕೊಳ್ಳಬೇಕು, ಯಾರನ್ನು ಬಿಟ್ಟುಕೊಡಬೇಕು, ಯಾರಿಗೆ ಎಷ್ಟು ವರ್ಷದ ಕರಾರು ಬರೆದುಕೊಡಬೇಕು, ಯಾವ ಹದಿನೆಂಟರ ಹುಡುಗನಿಗಾಗಿ ಐದು ವರ್ಷ ಕಾಯಬೇಕು ಎಂಬುದನ್ನು ಅವನು ತೀರ್ಮಾನಿಸುತ್ತಾನೆ, ಪಂದ್ಯವನ್ನು ಮಾತ್ರ ಕಂಪ್ಯೂಟರ್ ಸಂಭವನೀಯತೆಯ ಲೆಕ್ಕದ ಮೇಲೆ ತಾನೇ ನಡೆಸಿ ಮುಗಿಸುತ್ತದೆ. ಈ ಪ್ರಕಾರದಲ್ಲಿ ವಿವರಗಳ ವಿಸ್ತಾರಕ್ಕೆ ಹೆಸರಾದ ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಅನ್ನು ರೂಪಿಸಿದವರು ಬೇಸ್‌ಬಾಲಿಗೆ ಅಷ್ಟೇನೂ ಒಗ್ಗದ ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಎಂಬುದು ಗಮನಿಸಬೇಕಾದ ಸಂಗತಿ; 1999ರಲ್ಲಿ ಮೊದಲ ಬಾರಿಗೆ ಹೊರಬಂದ ಈ ಆಟ ಅಂದಿನಿಂದ ಹೊಸ ಹೊಸ ಆವೃತ್ತಿಗಳಲ್ಲಿ ಬೆಳೆದುಕೊಂಡು ಬಂದಿದೆ. ಅದರಲ್ಲಿ ಸಾವಿರಾರು ಆಟಗಾರರಿದ್ದು, ಪ್ರತಿಯೊಬ್ಬನ ಹೆಸರಿನ ಮುಂದೆಯೂ ಹತ್ತಾರು ಅಂಕಿಗಳಿರುತ್ತವೆ. ಆ ಅಂಕಿಗಳನ್ನು ಓದಿ, ಈ ಆಟಗಾರ ತನ್ನ ತಂಡಕ್ಕೆ ಎಷ್ಟು ಗೆಲುವುಗಳನ್ನು ಹೆಚ್ಚಾಗಿ ತಂದುಕೊಡಬಲ್ಲ ಎಂದು ಅಳೆಯುವುದೇ ಇಲ್ಲಿ ಬೆಲೆ ಕಟ್ಟುವುದು ಎಂಬುದರ ಅರ್ಥ.

ಈ ಅಳತೆಗೆ ನಿಜವಾದ ಮೈದಾನದಲ್ಲಿ ಇಲ್ಲದ ಒಂದು ಗುಣ ಇಲ್ಲಿದೆ. ಮೈದಾನದ ಆಟಗಾರನ ‘ನಿಜ ಸಾಮರ್ಥ್ಯ’ ಎಂಬುದು ಸಂಖ್ಯಾಶಾಸ್ತ್ರಜ್ಞರ ಒಂದು ಊಹೆ. ಅದನ್ನು ಯಾರೂ ಕಂಡಿಲ್ಲ, ಅವನು ಆಡಿದ ಫಲಿತಾಂಶಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಅದು ಇಷ್ಟಿರಬಹುದು ಎನ್ನುತ್ತಾರೆ, ಅಷ್ಟೆ. ನಿರ್ವಹಣಾ ಆಟದಲ್ಲಾದರೋ ಆ ಸಾಮರ್ಥ್ಯ ಕಂಪ್ಯೂಟರಿನ ಕಡತದೊಳಗೆ ಒಂದು ಸಂಖ್ಯೆಯಾಗಿ ನಿಜಕ್ಕೂ ಕುಳಿತಿರುತ್ತದೆ, ಆದರೆ ವ್ಯವಸ್ಥಾಪಕನಿಗೆ ಅದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಅವನಿಗೆ ಕಾಣುವುದು ಆ ಸಂಖ್ಯೆಯ ಬಗ್ಗೆ ಬೇರೊಬ್ಬನು ಹೇಳಿದ ಅಂದಾಜು ಮತ್ತು ಆ ಸಂಖ್ಯೆಯಿಂದ ಹೊಮ್ಮಿದ, ಅದೃಷ್ಟ ಬೆರೆತ ಫಲಿತಾಂಶ. ಹೀಗಾಗಿ ಇಲ್ಲಿ ಮೌಲ್ಯಮಾಪನದ ತಪ್ಪು ಅಭಿಪ್ರಾಯಭೇದವಾಗಿ ಉಳಿಯದೆ, ಅಕ್ಷರಶಃ ತಪ್ಪೇ ಆಗುತ್ತದೆ. ಅಂಕಿ ಮತ್ತು ಆಟಗಾರನ ನಡುವಿನ ಸಂಬಂಧವನ್ನು ಶುದ್ಧ ರೂಪದಲ್ಲಿ ಪರೀಕ್ಷಿಸಲು ಇಂಥ ಪ್ರಯೋಗಶಾಲೆ ಬೇರೊಂದು ಸಿಗುವುದು ಕಷ್ಟ.

ಕ್ರಿಕೆಟ್ ಬಲ್ಲ ಓದುಗರಿಗೆ ಆಟದ ಚೌಕಟ್ಟನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಚೆಂಡೆಸೆಯುವವನು ಪಿಚರ್, ಎದುರಿಸುವವನು ಬ್ಯಾಟರ್. ಬ್ಯಾಟರ್ ಹೊಡೆದ ಚೆಂಡಿನಿಂದ, ಓಡಿ ಮುಟ್ಟಬೇಕಾದ ನೆಲೆಗಳಾದ ಬೇಸುಗಳಲ್ಲಿ ಒಂದನೆಯದನ್ನೋ ಅದರಾಚೆಯದನ್ನೋ ಸುರಕ್ಷಿತವಾಗಿ ತಲುಪಿದರೆ ಅದು ಹಿಟ್, ಚೆಂಡನ್ನು ಮೈದಾನದ ಬೇಲಿಯಾಚೆಗೆ ಕಳಿಸಿದರೆ ಹೋಮ್ ರನ್, ಬೀಸಿ ತಪ್ಪಿದ ಇಲ್ಲವೇ ಹೊಡೆಯಲು ತಕ್ಕುದಾಗಿದ್ದೂ ಬಿಟ್ಟ ಎಸೆತಗಳು, ಅಂದರೆ ಸ್ಟ್ರೈಕ್‌ಗಳು, ಮೂರು ಬಿದ್ದರೆ ಸ್ಟ್ರೈಕ್‌ಔಟ್, ಹೊಡೆಯಲು ತಕ್ಕುದಲ್ಲದ ನಾಲ್ಕು ಎಸೆತಗಳನ್ನು ತಾಳ್ಮೆಯಿಂದ ಬಿಟ್ಟರೆ ‘ವಾಕ್’, ಅಂದರೆ ಮೊದಲ ಬೇಸಿಗೆ ಉಚಿತ ಪ್ರಯಾಣ. ಒಂದು ತಂಡಕ್ಕೆ ಒಂದು ಪಂದ್ಯದಲ್ಲಿ ಸಿಗುವ ಬಂಡವಾಳ ಇಪ್ಪತ್ತೇಳು ಔಟ್‌ಗಳು. ಅವು ತೀರುವವರೆಗೆ ಓವರುಗಳ ಮಿತಿಯಿಲ್ಲದೆ ಆಡಬಹುದು. ಆದ್ದರಿಂದ ಬೇಸ್‌ಬಾಲಿನಲ್ಲಿ ಔಟ್ ಆಗದಿರುವುದು ಒಂದು ಸಾಧನೆ, ಅದು ಹಿಟ್‌ನಿಂದ ಬಂದರೂ ಸರಿ, ವಾಕ್‌ನಿಂದ ಬಂದರೂ ಸರಿ.

ಆದರೆ ಹಳೆಯ ಲೆಕ್ಕ ಹೀಗೆ ನೋಡಲಿಲ್ಲ, ಅದಕ್ಕೆ ಕಾರಣದ ಎಳೆ ಕ್ರಿಕೆಟ್ಟಿನವರೆಗೆ ಹೋಗುತ್ತದೆ. ಬೇಸ್‌ಬಾಲಿನ ಅಂಕಿಅಂಶಗಳಿಗೆ ಅಡಿಪಾಯ ಹಾಕಿದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕದ ಬ್ರೂಕ್ಲಿನ್‌ಗೆ ಬಂದು, ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿಗಳನ್ನು ಬರೆದವರು; ಪಂದ್ಯದ ಸಾರವನ್ನು ಅಂಕಣಗಳಲ್ಲಿ ಹಿಡಿದಿಡುವ ಕ್ರಿಕೆಟ್ಟಿನ ಅಭ್ಯಾಸವನ್ನು ಅವರು ಹೊಸ ಆಟಕ್ಕೆ ಒಗ್ಗಿಸಿದರು. ವಾಕ್ ಎಂಬುದು ಪಿಚರ್‌ನ ತಪ್ಪೇ ಹೊರತು ಬ್ಯಾಟರ್‌ನ ಸಾಧನೆಯಲ್ಲ ಎಂಬುದು ಅವರ ನಿಲುವಾಗಿತ್ತು. ಹಾಗಾಗಿ ಬೇಸ್‌ಬಾಲಿನ ‘ಬ್ಯಾಟಿಂಗ್ ಸರಾಸರಿ’ ಹಿಟ್‌ಗಳ ಸಂಖ್ಯೆಯನ್ನು ಬ್ಯಾಟಿಂಗ್ ಸರದಿಗಳಿಂದ ಭಾಗಿಸುತ್ತದೆ, ವಾಕ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಒಂದು ಬೇಸಿನ ಹಿಟ್‌ಗೂ ಹೋಮ್ ರನ್‌ಗೂ ಒಂದೇ ತೂಕ ಕೊಡುತ್ತದೆ. 1887ರ ಒಂದೇ ಒಂದು ಋತುವಿನಲ್ಲಿ ವಾಕನ್ನೂ ಹಿಟ್ ಎಂದು ಎಣಿಸಲಾಯಿತು, ಮರುವರ್ಷವೇ ಅದನ್ನು ಕೈಬಿಡಲಾಯಿತು. ಚಾಡ್ವಿಕ್ ಅವರ ಆ ಒಂದು ನಿಲುವು ನೂರು ವರ್ಷಗಳಿಗೂ ಹೆಚ್ಚು ಕಾಲ ಆಟಗಾರರ ಬೆಲೆಯನ್ನು ಓರೆಯಾಗಿಸಿತು ಎಂದರೆ ಅತಿಶಯೋಕ್ತಿಯಲ್ಲ.

ಓರೆಯನ್ನು ತಿದ್ದುವ ಕೆಲಸ 1963ರಲ್ಲಿ ಕೆನಡಾದ ಸೇನಾ ಸಂಶೋಧಕ ಜಾರ್ಜ್ ಲಿಂಡ್ಸೆ ಅವರಿಂದ ಒಂದು ಸ್ಪಷ್ಟ ರೂಪ ಪಡೆಯಿತು. ತಂದೆಯ ನೆರವಿನಿಂದ ನೂರಾರು ಪಂದ್ಯಗಳ ವಿವರಗಳನ್ನು ಕಲೆಹಾಕಿ, ಪ್ರತಿಯೊಂದು ಘಟನೆಯೂ ತಂಡದ ರನ್‌ಗಳಿಗೆ ಸರಾಸರಿ ಎಷ್ಟು ಸೇರಿಸುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅಂಕಿಅಂಶಗಳ ವಿಶ್ಲೇಷಕ ಪೀಟ್ ಪಾಮರ್ ಅದನ್ನು ಬೆಳೆಸಿ, ಜಾನ್ ಥಾರ್ನ್ ಅವರೊಂದಿಗೆ ಬರೆದ 1984ರ ಪುಸ್ತಕದ ಮೂಲಕ ‘ಲೀನಿಯರ್ ವೇಟ್ಸ್’, ಅಂದರೆ ರೇಖೀಯ ತೂಕಗಳು ಎಂಬ ಹೆಸರಿನಲ್ಲಿ ಜನರ ಮುಂದಿಟ್ಟರು. ಸ್ಥೂಲವಾಗಿ ಹೇಳುವುದಾದರೆ ಒಂದು ಬೇಸಿನ ಹಿಟ್ 0.47 ರನ್, ಎರಡು ಬೇಸಿನದು 0.78, ಹೋಮ್ ರನ್ 1.4, ವಾಕ್ 0.33 ರನ್‌ಗಳಷ್ಟು ಬೆಲೆ ಬಾಳುತ್ತವೆ, ಪ್ರತಿ ಔಟ್ ಸುಮಾರು ಕಾಲು ರನ್ ಕಳೆಯುತ್ತದೆ. ಈಗ ಇಬ್ಬರು ಕಾಲ್ಪನಿಕ ಆಟಗಾರರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬಹುದು. ಮೊದಲನೆಯವನು 500 ಸರದಿಗಳಲ್ಲಿ 150 ಹಿಟ್ ಹೊಡೆದು 0.300 ಸರಾಸರಿ ಪಡೆದಿದ್ದಾನೆ. ಅವುಗಳಲ್ಲಿ 120 ಒಂದು ಬೇಸಿನವು, 22 ಎರಡು ಬೇಸಿನವು, 8 ಹೋಮ್ ರನ್‌ಗಳು, ಜೊತೆಗೆ 20 ವಾಕ್. ಎರಡನೆಯವನ ಹಿಟ್‌ಗಳು 125 ಮಾತ್ರ, ಸರಾಸರಿ 0.250, ಆದರೆ 72 ಒಂದು ಬೇಸಿನವು, 25 ಎರಡು ಬೇಸಿನವು, 28 ಹೋಮ್ ರನ್‌ಗಳು, ಜೊತೆಗೆ 80 ವಾಕ್. ಕೂಡಿ ಕಳೆದರೆ ಮೊದಲನೆಯವನು ತಂಡಕ್ಕೆ ಸಾಮಾನ್ಯ ಬ್ಯಾಟರ್‌ಗಿಂತ ಸುಮಾರು 4 ರನ್ ಹೆಚ್ಚಾಗಿಯೂ, ಎರಡನೆಯವನು ಸುಮಾರು 25 ರನ್ ಹೆಚ್ಚಾಗಿಯೂ ತಂದಿರುತ್ತಾನೆ. ಸುಮಾರು ಹತ್ತು ರನ್‌ಗೆ ಒಂದು ಗೆಲುವು ಎಂಬುದು ಒಪ್ಪಿತ ಲೆಕ್ಕವಾದ್ದರಿಂದ ಈ ಅಂತರ ಎರಡು ಪೂರ್ಣ ಗೆಲುವುಗಳಷ್ಟು. ಆಟಕ್ಕೆ ಹೊಸಬನಾದ ವ್ಯವಸ್ಥಾಪಕ ಮೊದಲನೆಯವನಿಗೆ ಹಣ ಸುರಿದು, ಎರಡನೆಯವನನ್ನು ಬಿಟ್ಟುಕೊಡುವುದೇ ಹೆಚ್ಚು.

ಸಾಮರ್ಥ್ಯದಿಂದ ಫಲಿತಾಂಶ ಹೇಗೆ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಈ ಕಂಪ್ಯೂಟರ್ ಆಟಗಳ ಪೂರ್ವಜರ ಕಡೆಗೆ ತಿರುಗಬೇಕು. ನ್ಯೂಯಾರ್ಕ್ ರಾಜ್ಯದ ಹಾಲ್ ರಿಚ್‌ಮನ್ ಹನ್ನೊಂದರ ಬಾಲಕನಾಗಿದ್ದಾಗಲೇ ದಾಳಗಳೊಂದಿಗೆ ಪ್ರಯೋಗ ಆರಂಭಿಸಿ, 1961ರಲ್ಲಿ ‘ಸ್ಟ್ರ್ಯಾಟ್-ಓ-ಮ್ಯಾಟಿಕ್’ ಎಂಬ ಕಾರ್ಡು ಮತ್ತು ದಾಳದ ಆಟವನ್ನು ಮಾರುಕಟ್ಟೆಗೆ ತಂದರು. ಅದರಲ್ಲಿ ಪ್ರತಿ ಆಟಗಾರನಿಗೂ ಒಂದು ಕಾರ್ಡು, ಕಾರ್ಡಿನಲ್ಲಿ ಮೂರು ಅಂಕಣಗಳು. ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗ ಬೇರೆ ಬಣ್ಣದ ಒಂದು ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡನ್ನೂ, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನ ಕಾರ್ಡನ್ನೂ ನೋಡಬೇಕು, ಅಂಕಣವನ್ನೂ ಅದೇ ಸಂಖ್ಯೆ ಆರಿಸುತ್ತದೆ. ಉಳಿದೆರಡು ದಾಳಗಳ ಮೊತ್ತ ಆ ಅಂಕಣದ ಯಾವ ಸಾಲನ್ನು ಓದಬೇಕೆಂದು ಹೇಳುತ್ತದೆ. ದಾಳದಾಟ ಬಲ್ಲವರಿಗೆ ತಿಳಿದಿರುವಂತೆ ಎರಡು ದಾಳಗಳ ಮೊತ್ತ ಏಳು ಬೀಳುವ ಅವಕಾಶ 36ರಲ್ಲಿ 6, ಎರಡೋ ಹನ್ನೆರಡೋ ಬೀಳುವ ಅವಕಾಶ ತಲಾ 1. ಆದ್ದರಿಂದ ಏಳರ ಸಾಲಿನಲ್ಲಿ ‘ಹೋಮ್ ರನ್’ ಎಂದಿರುವ ಕಾರ್ಡಿಗೂ ಹನ್ನೆರಡರ ಸಾಲಿನಲ್ಲಿ ಅದೇ ಪದವಿರುವ ಕಾರ್ಡಿಗೂ ಆರು ಪಟ್ಟು ಅಂತರ. ಕಾರ್ಡು ಮೇಜಿನ ಮೇಲೆ ತೆರೆದೇ ಇರುತ್ತದೆ, ಆಟಗಾರನ ಸಾಮರ್ಥ್ಯದಲ್ಲಿ ಗುಟ್ಟೇನೂ ಇಲ್ಲ. ಆದರೂ ದಾಳ ಏನು ಹೇಳೀತು ಎಂಬುದು ಯಾರಿಗೂ ಗೊತ್ತಿಲ್ಲ. ಕಂಪ್ಯೂಟರ್ ಬಂದ ಮೇಲೆ ಆದದ್ದಿಷ್ಟು: ದಾಳದ ಜಾಗದಲ್ಲಿ ಯಾದೃಚ್ಛಿಕ ಸಂಖ್ಯೆಗಳು ಬಂದವು, ಕಾರ್ಡು ಮಗುಚಿಬಿತ್ತು.

ಮಗುಚಿದ ಕಾರ್ಡನ್ನು ಬರಿಯ ಫಲಿತಾಂಶಗಳಿಂದ ಊಹಿಸುವುದು ಎಷ್ಟು ಕಷ್ಟ ಎಂಬುದನ್ನು ಹೆಚ್ಚಿನವರು ಸರಿಯಾಗಿ ಅಂದಾಜಿಸುವುದಿಲ್ಲ. 0.280 ನಿಜ ಸಾಮರ್ಥ್ಯವಿರುವ ಬ್ಯಾಟರ್ 500 ಸರದಿಗಳನ್ನು ಆಡಿದನೆನ್ನೋಣ. ಬರೀ ಅದೃಷ್ಟದಿಂದಾಗುವ ಏರಿಳಿತದ ಅಳತೆ, ಸಂಖ್ಯಾಶಾಸ್ತ್ರದವರು ಮಾನಕ ವಿಚಲನೆ ಎನ್ನುವುದು, ಇಲ್ಲಿ ಸರಿಸುಮಾರು 0.020. ಅಂದರೆ ಮೂರರಲ್ಲಿ ಎರಡು ಋತುಗಳಲ್ಲಿ ಅವನ ಸರಾಸರಿ 0.260ರಿಂದ 0.300ರ ನಡುವೆ ಬೀಳುತ್ತದೆ, ಮೂರನೆಯ ಋತುವಿನಲ್ಲಿ ಆ ಎಲ್ಲೆಯನ್ನೂ ದಾಟುತ್ತದೆ. ಲೀಗಿನ 150 ಬ್ಯಾಟರ್‌ಗಳಿಗೆಲ್ಲ ತೃಣದಷ್ಟೂ ಹೆಚ್ಚುಕಡಿಮೆಯಿಲ್ಲದೆ ಇದೇ 0.280 ಸಾಮರ್ಥ್ಯವನ್ನು ಕೊಟ್ಟು ಒಂದು ಋತು ಆಡಿಸಿದರೂ, ಕೊನೆಗೆ ಪಟ್ಟಿಯ ತುದಿಯಲ್ಲಿ 0.330ರ ಆಸುಪಾಸಿನ ಒಬ್ಬ ‘ನಾಯಕ’ನೂ ಬುಡದಲ್ಲಿ 0.230ರ ಆಸುಪಾಸಿನ ಒಬ್ಬ ‘ವಿಫಲ’ನೂ ಕಾಣಿಸಿಕೊಳ್ಳುತ್ತಾರೆ, ಒಬ್ಬನಿಗೆ ದೊಡ್ಡ ಕರಾರು, ಇನ್ನೊಬ್ಬನಿಗೆ ಕೆಳಹಂತದ ಲೀಗಿನ ದಾರಿ, ಇಬ್ಬರೂ ಮಾತ್ರ ಒಂದೇ. 0.300ರವನಿಗೂ 0.250ರವನಿಗೂ ಇರುವ ವ್ಯತ್ಯಾಸ 500 ಸರದಿಗಳಲ್ಲಿ 25 ಹಿಟ್; ಋತು ನಡೆಯುವುದು ಸುಮಾರು ಇಪ್ಪತ್ತಾರು ವಾರ, ಎಂದರೆ ವಾರಕ್ಕೆ ಒಂದು ಹಿಟ್. ಪಂದ್ಯಗಳನ್ನು ಕಣ್ಣಿಂದ ನೋಡಿ ವಾರಕ್ಕೊಂದು ಹಿಟ್‌ನ ಅಂತರವನ್ನು ಗುರುತಿಸಬಲ್ಲವರು ಯಾರೂ ಇರಲಾರರು. ಆದಕಾರಣ ಅನುಭವಿ ವ್ಯವಸ್ಥಾಪಕ ಏಪ್ರಿಲ್ ತಿಂಗಳ ಅಂಕಿಗಳನ್ನು ನಂಬಿ ಮೇ ತಿಂಗಳಲ್ಲಿ ಯಾರನ್ನೂ ಮಾರುವುದಿಲ್ಲ, ಒಂದು ಋತುವಿನ ಅಸಾಮಾನ್ಯ ಸಾಧನೆ ಮುಂದಿನ ಋತುವಿನಲ್ಲಿ ಸರಾಸರಿಯತ್ತ ಮರಳುವುದೆಂಬ ಎಣಿಕೆಯನ್ನು ಮೊದಲೇ ಬೆಲೆಯಲ್ಲಿ ಕಳೆದಿಟ್ಟುಕೊಳ್ಳುತ್ತಾನೆ.

ಫಲಿತಾಂಶವನ್ನು ಪೂರ್ತಿ ನಂಬಲಾಗದಿದ್ದರೆ ಉಳಿಯುವ ಇನ್ನೊಂದು ಸಾಕ್ಷಿ ಸ್ಕೌಟ್. ಆಟಗಾರರನ್ನು ಊರೂರು ಅಲೆದು ನೋಡಿ, ಅಳೆದು, ವರದಿ ಕೊಡುವ ಪರೀಕ್ಷಕನಿಗೆ ಬೇಸ್‌ಬಾಲಿನಲ್ಲಿ ಈ ಹೆಸರು. ಅವನ ವರದಿ ಸಾಮಾನ್ಯವಾಗಿ 20ರಿಂದ 80ರವರೆಗಿನ ಮಾಪಕದಲ್ಲಿರುತ್ತದೆ. 50 ಎಂದರೆ ಮೇಲ್ಮಟ್ಟದ ಲೀಗಿನ ಸಾಮಾನ್ಯ ಆಟಗಾರ, ಅಲ್ಲಿಂದ ಪ್ರತಿ ಹತ್ತು ಅಂಕವೂ ಒಂದು ಮಾನಕ ವಿಚಲನೆ ಎಂಬುದು ಮಾಪಕದ ಆಶಯ. ಗಣಿತದ ಆದರ್ಶವನ್ನು ಹಾಗೆಯೇ ಒಪ್ಪಿದರೆ 70 ದಾಟುವವರು ನೂರಕ್ಕೆ ಇಬ್ಬರು, 80 ದಾಟುವವರು ಸಾವಿರಕ್ಕೆ ಒಬ್ಬರು. ಹಾಗಾಗಿ 50ರಿಂದ 60ಕ್ಕೆ ಏರುವುದಕ್ಕಿಂತ 70ರಿಂದ 80ಕ್ಕೆ ಏರುವುದು ಬಹಳ ಅಪರೂಪದ ಮಾತು. ‘ಔಟ್ ಆಫ್ ದ ಪಾರ್ಕ್’ನಲ್ಲಿ ಬ್ಯಾಟರ್‌ನ ವರದಿ ಮುಖ್ಯವಾಗಿ ಐದು ಗುಣಗಳಾಗಿ ಒಡೆಯುತ್ತದೆ: ಚೆಂಡಿಗೆ ಬ್ಯಾಟ್ ತಾಗಿಸಿ ಹಿಟ್ ಪಡೆಯುವ ‘ಕಾಂಟ್ಯಾಕ್ಟ್’, ಕ್ಷೇತ್ರರಕ್ಷಕರ ನಡುವಿನ ಸಂದಿಯಲ್ಲಿ ಚೆಂಡು ಕಳಿಸಿ ಎರಡು ಮೂರು ಬೇಸ್ ಪಡೆಯುವ ‘ಗ್ಯಾಪ್’, ಹೋಮ್ ರನ್ನಿನ ‘ಪವರ್’, ವಾಕ್ ಪಡೆಯುವ ತಾಳ್ಮೆಯಾದ ‘ಐ’, ಮತ್ತು ಸ್ಟ್ರೈಕ್‌ಔಟ್ ತಪ್ಪಿಸಿಕೊಳ್ಳುವ ಗುಣ. ಇವುಗಳಲ್ಲಿ ಮೊದಲನೆಯದು ಸ್ವತಂತ್ರ ಗುಣವಲ್ಲ, ಸ್ಟ್ರೈಕ್‌ಔಟ್ ತಪ್ಪಿಸುವ ಗುಣವೂ ಪವರ್ ಕೂಡ ಅದರೊಳಗೆ ಆಗಲೇ ಬೆರೆತಿರುತ್ತವೆ. ಅದನ್ನರಿಯದೆ ಎಲ್ಲವನ್ನೂ ಬೇರೆಬೇರೆಯಾಗಿ ಕೂಡಿಸುವವನು ಒಂದೇ ಗುಣಕ್ಕೆ ಎರಡು ಸಲ ಬೆಲೆ ಕೊಡುತ್ತಾನೆ.

ಆಟದ ಅತ್ಯಂತ ಸೂಕ್ಷ್ಮವಾದ ಏರ್ಪಾಡು ಇರುವುದು ಸ್ಕೌಟ್‌ನಲ್ಲೇ. ಅವನೂ ಅಂಕಿಗಳಿರುವ ಒಂದು ಪಾತ್ರ: ಮೇಲ್ಮಟ್ಟದ ಲೀಗು, ಕೆಳಹಂತದ ಲೀಗುಗಳು, ಹೊರದೇಶದ ಹುಡುಗರು, ಶಾಲಾ ಕಾಲೇಜುಗಳ ಹವ್ಯಾಸಿಗಳು, ಈ ನಾಲ್ಕು ಕ್ಷೇತ್ರಗಳಲ್ಲಿ ಅವನ ಪರಿಣತಿ ಬೇರೆಬೇರೆಯಾಗಿರುತ್ತದೆ, ಅಷ್ಟಲ್ಲದೆ ಅವನಿಗೊಂದು ಒಲವೂ ಇರುತ್ತದೆ. ಒಬ್ಬ ಮೈಕಟ್ಟು, ವೇಗ, ತೋಳಿನ ಬಲದಂಥ ಸಹಜ ಶಕ್ತಿಗಳಿಗೆ ಮನಸೋಲುತ್ತಾನೆ, ಇನ್ನೊಬ್ಬ ಈಗಾಗಲೇ ಪಳಗಿದ ಆಟವನ್ನು ಮೆಚ್ಚುತ್ತಾನೆ. ವರದಿಯಲ್ಲಿ ಕಾಣುವ 65 ಎಂಬ ಅಂಕ ಹಾಗಾದರೆ ಆಟಗಾರನೊಬ್ಬನದೇ ಅಲ್ಲ, ಸ್ಕೌಟ್‌ನ ಪರಿಣತಿ ಮತ್ತು ಒಲವುಗಳೂ ಕಲಸಿಕೊಂಡ ಅಂಕ. ಇದರ ಜೊತೆಗೆ ಎಲ್ಲ ತಂಡಗಳಿಗೂ ಸಮಾನವಾಗಿ ಸಿಗುವ ತಟಸ್ಥ ಸಂಸ್ಥೆಯೊಂದರ ಅಭಿಪ್ರಾಯವೂ ಆಟದಲ್ಲಿದೆ. ಸ್ವಂತ ಸ್ಕೌಟ್ 65 ಎಂದು, ತಟಸ್ಥ ಸಂಸ್ಥೆ 45 ಎಂದು, ಎರಡು ಋತುಗಳ ಅಂಕಿಗಳು 50ರ ಮಟ್ಟದ್ದೆಂದು ಹೇಳುವಾಗ ಆ ಮೂರು ಸಾಕ್ಷಿಗಳಿಗೆ ಎಷ್ಟೆಷ್ಟು ತೂಕ ಕೊಡಬೇಕು ಎಂಬುದೇ ಬೆಲೆ ಕಟ್ಟುವ ಕೆಲಸದ ತಿರುಳು. ಹವ್ಯಾಸಿ ಹುಡುಗನಾದರೆ ಅಂಕಿಗಳಿಗೆ ಬೆಲೆ ಕಡಿಮೆ, ಸ್ಕೌಟ್‌ಗೆ ಹೆಚ್ಚು. ಮೇಲ್ಮಟ್ಟದಲ್ಲಿ ಎರಡು ಸಾವಿರ ಸರದಿ ಆಡಿದವನಾದರೆ ಅದಕ್ಕೆ ತದ್ವಿರುದ್ಧ.

ಪಿಚರ್‌ಗಳ ವಿಷಯದಲ್ಲಿ ತೊಡಕು ಇನ್ನೂ ಆಳವಾದದ್ದು. ಬ್ಯಾಟಿಗೆ ತಾಗಿ ಮೈದಾನದೊಳಗೇ ಉಳಿದ ಚೆಂಡು ಹಿಟ್ ಆಗುವುದೋ ಔಟ್ ಆಗುವುದೋ ಎಂಬುದರ ಮೇಲೆ ಪಿಚರ್‌ಗೆ ಇರುವ ಹಿಡಿತ ಎಲ್ಲರೂ ನಂಬಿದ್ದಕ್ಕಿಂತ ಬಹಳ ಕಡಿಮೆ ಎಂದು ವಿಶ್ಲೇಷಕ ವೋರೋಸ್ ಮೆಕ್‌ಕ್ರ್ಯಾಕನ್ 2001ರಲ್ಲಿ ತೋರಿಸಿದಾಗ ಬೇಸ್‌ಬಾಲಿನ ಹಳೆಯ ವಿಶ್ವಾಸವೊಂದು ಅಲುಗಾಡಿತು. ಅಂಥ ಚೆಂಡುಗಳಲ್ಲಿ ಸರಿಸುಮಾರು ನೂರಕ್ಕೆ ಮೂವತ್ತು ಹಿಟ್ ಆಗುತ್ತವೆ, ಏರಿಳಿತಕ್ಕೆ ಬಹುಪಾಲು ಕಾರಣ ಕ್ಷೇತ್ರರಕ್ಷಣೆ ಮತ್ತು ಅದೃಷ್ಟ. ಪಿಚರ್‌ನ ಕೈಯಲ್ಲಿ ಮುಖ್ಯವಾಗಿ ಇರುವುದು ಸ್ಟ್ರೈಕ್‌ಔಟ್, ವಾಕ್ ಮತ್ತು ಹೋಮ್ ರನ್. ಇದಕ್ಕೆ ಬಾಸ್ಟನ್ ರೆಡ್ ಸಾಕ್ಸ್ ತಂಡದ ಪೆಡ್ರೊ ಮಾರ್ಟಿನೆಝ್ ಅವರ ಎರಡು ಅಮೋಘ ಋತುಗಳೇ ಸಾಕ್ಷಿ. 1999ರಲ್ಲಿ ಅವರು 313 ಸ್ಟ್ರೈಕ್‌ಔಟ್ ಗಳಿಸಿ, 37 ವಾಕ್ ಮತ್ತು ಕೇವಲ 9 ಹೋಮ್ ರನ್ ಬಿಟ್ಟುಕೊಟ್ಟರು. 2000ದಲ್ಲಿ ಸ್ಟ್ರೈಕ್‌ಔಟ್ 284ಕ್ಕೆ ಇಳಿಯಿತು, ವಾಕ್ 32 ಆಯಿತು, ಹೋಮ್ ರನ್ 17ಕ್ಕೆ ಏರಿತು. ಆದರೂ ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಪೂರ್ಣ ಪಂದ್ಯಕ್ಕೆ, ಅವರು ಕೊಟ್ಟ ರನ್‌ಗಳ ಸರಾಸರಿ 2.07ರಿಂದ 1.74ಕ್ಕೆ ತಗ್ಗಿತು. ಕಾರಣ, ಮೈದಾನದೊಳಗೆ ಬಿದ್ದ ಚೆಂಡುಗಳು ಮೊದಲ ವರ್ಷ ನೂರಕ್ಕೆ 32ರ ಆಸುಪಾಸು ಹಿಟ್ ಆಗಿದ್ದರೆ, ಮರುವರ್ಷ 24ರ ಆಸುಪಾಸು ಮಾತ್ರ ಆದವು. ತಮ್ಮ ಕೈಯಲ್ಲಿದ್ದ ಸಂಗತಿಗಳಲ್ಲಿ ಮಾರ್ಟಿನೆಝ್ 1999ರಲ್ಲೇ ಮಿಗಿಲಾಗಿದ್ದರು ಎನ್ನಲು ಬಲವಾದ ಆಧಾರವಿದೆ, ರನ್‌ಗಳ ಪಟ್ಟಿ ಮಾತ್ರ ಅದನ್ನು ತಲೆಕೆಳಗಾಗಿಸುತ್ತದೆ. ‘ಔಟ್ ಆಫ್ ದ ಪಾರ್ಕ್’ನಲ್ಲಿ ಪಿಚರ್‌ನ ಮೂರು ಮುಖ್ಯ ಗುಣಗಳು ಈ ವಿಂಗಡಣೆಯನ್ನೇ ಅನುಸರಿಸುತ್ತವೆ: ‘ಸ್ಟಫ್’ ಸ್ಟ್ರೈಕ್‌ಔಟ್‌ಗೆ, ‘ಮೂವ್‌ಮೆಂಟ್’ ಮುಖ್ಯವಾಗಿ ಹೋಮ್ ರನ್ ತಡೆಗೆ, ‘ಕಂಟ್ರೋಲ್’ ವಾಕ್ ತಡೆಗೆ. ರನ್‌ಗಳ ಸರಾಸರಿ ಹದಗೆಟ್ಟಿದ್ದರೂ ಈ ಮೂರು ಗಟ್ಟಿಯಾಗಿರುವ ಪಿಚರ್‌ನನ್ನು ಬೇರೆ ತಂಡಗಳು ಅಗ್ಗಕ್ಕೆ ಬಿಟ್ಟುಕೊಡುವ ಹೊತ್ತಿಗೆ ಹಿಡಿದುಕೊಳ್ಳುವುದು ಪಳಗಿದ ವ್ಯವಸ್ಥಾಪಕರಿಗೆ ಚೆನ್ನಾಗಿ ಗೊತ್ತಿರುವ ವ್ಯಾಪಾರ.

ಒಂದೇ ಬ್ಯಾಟಿಂಗ್ ಸಾಮರ್ಥ್ಯ ಎಲ್ಲ ಸ್ಥಾನಗಳಲ್ಲೂ ಒಂದೇ ಬೆಲೆ ಬಾಳುವುದಿಲ್ಲ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಸ್ಥಾನಕ್ಕೆ ಚುರುಕು ಕಾಲು, ಬಲವಾದ ತೋಳು ಬೇಕು, ಅಂಥವರು ಕಡಿಮೆ. ಮೊದಲ ಬೇಸಿನಲ್ಲಿ ನಿಲ್ಲಬಲ್ಲವರು ಬೇಕಾದಷ್ಟು ಜನ. ಒಂದು ಪ್ರಚಲಿತ ಲೆಕ್ಕದ ಪ್ರಕಾರ ಇಡೀ ಋತುವಿಗೆ ಶಾರ್ಟ್‌ಸ್ಟಾಪ್‌ಗೆ 7.5 ರನ್ ಕೂಡಿಸಿ, ಮೊದಲ ಬೇಸಿನವನಿಂದ 12.5 ರನ್ ಕಳೆಯಬೇಕು. ಸ್ಥಾನವೊಂದರಿಂದಲೇ ಎರಡು ಗೆಲುವುಗಳ ಅಂತರ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಓಝಿ ಸ್ಮಿತ್ ವೃತ್ತಿಜೀವನದುದ್ದಕ್ಕೂ 0.262 ಸರಾಸರಿಯಲ್ಲಿ ಕೇವಲ 28 ಹೋಮ್ ರನ್ ಹೊಡೆದವರು, ಆದರೂ 2002ರಲ್ಲಿ ಬೇಸ್‌ಬಾಲಿನ ಕೀರ್ತಿಭವನವನ್ನು ಸೇರಿದರು. ಅವರಿಗೆ ಕ್ಷೇತ್ರರಕ್ಷಣೆಗಾಗಿ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಗಳು ಹದಿಮೂರನ್ನು ತಂದುಕೊಟ್ಟದ್ದು ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಅವರು ತಡೆದ ಚೆಂಡುಗಳು. ಇನ್ನು ಹೋಲಿಕೆಯ ತಳ ಯಾವುದು ಎಂಬ ಪ್ರಶ್ನೆಗೆ ಉತ್ತರ ಸೊನ್ನೆಯೂ ಅಲ್ಲ, ಸರಾಸರಿಯೂ ಅಲ್ಲ: ಕೆಳಹಂತದ ಲೀಗಿನಿಂದ ಕನಿಷ್ಠ ಸಂಬಳಕ್ಕೆ ಯಾವಾಗ ಬೇಕಾದರೂ ಕರೆತರಬಹುದಾದ ಬದಲಿ ಆಟಗಾರ. ಇಡೀ ತಂಡವೇ ಅಂಥವರಿಂದ ತುಂಬಿದ್ದರೂ 162 ಪಂದ್ಯಗಳಲ್ಲಿ ಸುಮಾರು 48 ಗೆಲುವು ಸಿಗುತ್ತದೆಂಬುದು ಅಂಗೀಕೃತ ಅಂದಾಜು. ವ್ಯವಸ್ಥಾಪಕ ಹಣ ಕೊಡಬೇಕಾದದ್ದು ಅದರ ಮೇಲಿನ ಗೆಲುವುಗಳಿಗೆ ಮಾತ್ರ.

ಮೈದಾನದ ಪ್ರಭಾವವನ್ನೂ ಕಳೆಯಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿರುವ ಡೆನ್ವರ್‌ನ ಕೂರ್ಸ್ ಫೀಲ್ಡಿನಲ್ಲಿ ತೆಳುಗಾಳಿಯಿಂದಾಗಿ ಹೊಡೆದ ಚೆಂಡು ಹೆಚ್ಚು ದೂರ ಹಾರುತ್ತದೆ, ಎಸೆದ ಚೆಂಡು ಕಡಿಮೆ ಬಾಗುತ್ತದೆ. ಅಲ್ಲಿನ ಬ್ಯಾಟರ್‌ನನ್ನು ಕೊಳ್ಳುವವನು ಆ ಗಾಳಿಗೂ ಹಣ ಕೊಡುತ್ತಿರುವ ಸಂಭವವಿದೆ. ಆಟ ಪ್ರತಿ ಮೈದಾನಕ್ಕೂ ಇಂಥ ಗುಣಕಗಳನ್ನು ಇಟ್ಟಿರುವುದರಿಂದ ಈ ತಿದ್ದುಪಡಿ ಕೇವಲ ಗಮನದ ವಿಷಯ.

ವಯಸ್ಸಿನದು ಮಾತ್ರ ಅಷ್ಟು ಸುಲಭವಲ್ಲ. ಬ್ಯಾಟರ್‌ಗಳು ಶಿಖರ ಮುಟ್ಟುವುದು 27ರ ಆಸುಪಾಸಿನಲ್ಲೆಂದು ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ 1980ರ ದಶಕದಲ್ಲಿ ವಾದಿಸಿದ ಮೇಲೆ, 31ರವನಿಗೆ ಏಳು ವರ್ಷದ ಕರಾರು ಕೊಡುವುದೆಂದರೆ ಇಳಿಜಾರನ್ನು ದುಬಾರಿ ಬೆಲೆಗೆ ಕೊಳ್ಳುವುದು ಎಂಬುದು ಕ್ರಮೇಣ ಎಲ್ಲರಿಗೂ ಅರ್ಥವಾಗಿದೆ. ಎಳೆಯರ ಹೆಸರಿನ ಮುಂದೆ ಆಟ ಎರಡು ಅಂಕಗಳನ್ನು ತೋರಿಸುತ್ತದೆ: ಇಂದಿನ ಸಾಮರ್ಥ್ಯ, ಮುಂದೆ ಮುಟ್ಟಬಹುದಾದ ಮಟ್ಟ. ಡೊಮಿನಿಕನ್ ಗಣರಾಜ್ಯದ ಹದಿನೇಳರ ಹುಡುಗನೊಬ್ಬನ ಸಾಲಿನಲ್ಲಿ ಇಂದು 25, ಮುಂದೆ 70 ಎಂದಿರುತ್ತದೆ. ಎರಡು ವರ್ಷ ಕಳೆದ ಮೇಲೆ ಅದೇ ಸಾಲು 35 ಮತ್ತು 50 ಆಗಿರುತ್ತದೆ. ಸ್ಕೌಟ್ ಮೊದಲು ತಪ್ಪಿದ್ದನೆಂದು ಇಲ್ಲಿ ತೀರ್ಮಾನಿಸುವಂತಿಲ್ಲ. ಆಟದ ಆಯ್ಕೆಗಳಲ್ಲಿ ಸ್ಕೌಟ್‌ನ ಮಬ್ಬನ್ನು ಪೂರ್ತಿ ತೆಗೆದುಹಾಕಿ, ಅಡಗಿದ ಅಂಕಿಯನ್ನೇ ನೇರವಾಗಿ ನೋಡುವ ಅವಕಾಶವೂ ಇದೆ. ಹಾಗೆ ನೋಡಿದವರಿಗೂ ಆ 70 ಕಣ್ಣೆದುರೇ 50ಕ್ಕೆ ಇಳಿಯುತ್ತದೆ, ಏಕೆಂದರೆ ಮುಂದಿನ ಮಟ್ಟವೆಂಬ ಸಂಖ್ಯೆಯನ್ನೇ ತರಬೇತಿ, ಆಡಲು ಸಿಕ್ಕ ಅವಕಾಶ, ಹುಡುಗನ ದುಡಿಮೆಯ ಸ್ವಭಾವ, ಗಾಯ ಮತ್ತು ಬರಿಯ ಆಕಸ್ಮಿಕಗಳು ಋತುವಿನಿಂದ ಋತುವಿಗೆ ಅಲ್ಲಾಡಿಸುವಂತೆ ಆಟವನ್ನು ಕಟ್ಟಲಾಗಿದೆ. ಈ ಅಲ್ಲಾಟ ಎಷ್ಟಿರಬೇಕೆಂಬುದನ್ನೂ ಏರಿಸಿ ಇಳಿಸಬಹುದು. ಮೊಣಕೈಯ ಒಂದು ಅಸ್ಥಿರಜ್ಜು ಹರಿದರೆ ಸಾಮಾನ್ಯವಾಗಿ ಒಂದು ವರ್ಷವನ್ನೋ ಅದಕ್ಕೂ ಹೆಚ್ಚನ್ನೋ ಕಳೆದುಕೊಳ್ಳುವ ಎಳೆಯ ಪಿಚರ್‌ಗಳಲ್ಲಿ ಅಪಾಯ ಇನ್ನೂ ದೊಡ್ಡದು. ಅದಕ್ಕಾಗಿಯೇ ಅನುಭವಿ ವ್ಯವಸ್ಥಾಪಕರು ಕಾಲೇಜಿನಲ್ಲಿ ಪಳಗಿದ ಬ್ಯಾಟರ್‌ಗಳನ್ನು ಇಟ್ಟುಕೊಂಡು, 70 ಎಂದು ಹೊಳೆಯುವ ಹತ್ತೊಂಬತ್ತರ ಪಿಚರ್‌ನನ್ನು ಆ ಹೊಳಪು ಉಳಿದಿರುವಾಗಲೇ ಬೇರೆ ತಂಡಕ್ಕೆ ಕೊಟ್ಟು, ಈಗಲೇ ಮೈದಾನಕ್ಕಿಳಿಯಬಲ್ಲ ಇಪ್ಪತ್ತಾರರ ಶಾರ್ಟ್‌ಸ್ಟಾಪ್‌ನನ್ನು ತರುತ್ತಾರೆ.